ಐಸ್ ಮಳೆ, ಕರೆಂಟ್ ಇಲ್ಲ: ಟೆಕ್ಸಸ್ ಮನೆಯಲ್ಲಿ ಬೆಚ್ಚಗಿರುವುದು ಹೇಗೆ?

ಕರೆಂಟ್ ಹೋಗುವುದು ನಮಗೇನು ಹೊಸದೇ? ಲೋಡ್ ಶೆಡ್ಡಿಂಗ್‌ನಲ್ಲೇ ಓದಿ ಪಾಸಾದವರು ನಾವು. 2021ರ ಫೆಬ್ರುವರಿಯಲ್ಲಿ ಆಸ್ಟಿನ್‌ನ ನಮ್ಮ ಮನೆಯಲ್ಲಿ ಕರೆಂಟ್ ಹೋದಾಗ ನಾನೂ ಆರಾಮಾಗಿ ಮೇಣದಬತ್ತಿ ಹುಡುಕಿದೆ. ಕತ್ತಲೆ ಏನೂ ಮಾಡಲಿಲ್ಲ. ಕಾಡಿದ್ದು ಚಳಿ. ಆ ವಾರ ಟೆಕ್ಸಸ್‌ನಲ್ಲಿ 45 ಲಕ್ಷ ಮನೆ, ಅಂಗಡಿಗಳಿಗೆ ಕರೆಂಟ್ ಇರಲಿಲ್ಲ. ಸರ್ಕಾರದ ಲೆಕ್ಕದಲ್ಲೇ 246 ಜನ ಸತ್ತರು.

2023ರ ಫೆಬ್ರುವರಿ ಶುರುವಿನಲ್ಲಿ ಬಂದದ್ದು ಬೇರೆ ಥರ. ಮಳೆಹನಿ ಕೊಂಬೆ, ತಂತಿ ಮುಟ್ಟಿದ ಕೂಡಲೇ ಗಡ್ಡೆ ಕಟ್ಟುತ್ತಿತ್ತು. ಇಲ್ಲಿನ ಲೈವ್ ಓಕ್ ಜಾತಿಯ ಮರಗಳು ಚಳಿಗಾಲದಲ್ಲೂ ಎಲೆ ಉದುರಿಸಿ ಬೋಳಾಗುವುದಿಲ್ಲ. ಎಲೆ ಎಲೆಯ ಮೇಲೂ ಐಸ್ ಕೂತು, ಭಾರ ತಾಳದೆ ಕೊಂಬೆಗಳು ಮುರಿದು ತಂತಿಯ ಮೇಲೆ ಬಿದ್ದವು. ಕೆಲವು ಬೀದಿಗಳಲ್ಲಿ ಕರೆಂಟ್ ಬರಲು ವಾರವೇ ಹಿಡಿಯಿತು. ಈಚೆಗೆ ಈ ಕಡೆ ಬಂದವರಿಗೆ, ಮಕ್ಕಳು ಇಲ್ಲಿರುವ ಅಪ್ಪ ಅಮ್ಮಂದಿರಿಗೆ ಎಂದು ಇದನ್ನು ಬರೆಯುತ್ತಿದ್ದೇನೆ.

ಮುನ್ನಾ ದಿನ

ಮೊದಲು ನೀರು. ಕುಡಿಯಲು, ಅಡುಗೆಗೆ ಒಬ್ಬರಿಗೆ ದಿನಕ್ಕೆ ನಾಲ್ಕು ಲೀಟರ್‌ನಂತೆ ಮೂರು ದಿನಕ್ಕಾಗುವಷ್ಟು ತುಂಬಿಡಿ. ಬಾತ್‌ಟಬ್ಬನ್ನೂ ತುಂಬಿಸಿ. ನಲ್ಲಿ ನಿಂತ ಮೇಲೆ ಟಾಯ್ಲೆಟ್‌ಗೆ ಸುರಿಯಲು ಅದೇ ಗತಿ. ಫೋನ್, ಪವರ್ ಬ್ಯಾಂಕ್ ಚಾರ್ಜ್ ಮಾಡಿ, ಕಾರಿಗೆ ಪೆಟ್ರೋಲ್ ಹಾಕಿಸಿ.

ಆಮೇಲೆ ಪೈಪು. ಇಲ್ಲಿನ ಮನೆಗಳನ್ನು ಸೆಕೆಗೆ ಅಂತ ಕಟ್ಟಿದ್ದಾರೆ. ನೀರಿನ ಪೈಪು ಹೊರಗೋಡೆಯೊಳಗೆ, ಅಟ್ಟದ ಮೇಲೆ ಹಾದುಹೋಗುತ್ತದೆ. ನೀರು ಗಡ್ಡೆಯಾದರೆ ಹಿಗ್ಗಿ ಪೈಪನ್ನೇ ಸೀಳುತ್ತದೆ. ಸುಮಾರು ಮೈನಸ್ 7 ಡಿಗ್ರಿಗೆ ಇಳಿಯುತ್ತದೆ ಎಂದರೆ ಬಿಸಿ, ತಣ್ಣೀರು ಎರಡೂ ನಲ್ಲಿಯಿಂದ ಸಣ್ಣಗೆ ನೀರು ಬಿಡಿ. ಸಿಂಕ್ ಕೆಳಗಿನ ಕಪಾಟಿನ ಬಾಗಿಲು ತೆರೆದಿಡಿ. ಹೊರಗಿನ ನಲ್ಲಿಗೆ ಹಳೇ ಟವೆಲ್ ಸುತ್ತಿ. ನೀರು ಪೋಲಾಗುವುದು ನೋಡಿ ಹೊಟ್ಟೆ ಉರಿಯುತ್ತದೆ, ನಿಜ. ಪೈಪ್ ಒಡೆದು ಚಾವಣಿ ಕುಸಿದರೆ ಇನ್ನೂ ಉರಿಯುತ್ತದೆ.

ಇಡೀ ಮನೆಯ ನೀರು ನಿಲ್ಲಿಸುವ ಮೇನ್ ವಾಲ್ವ್ ಎಲ್ಲಿದೆ ಎಂದು ಇವತ್ತೇ ನೋಡಿಡಿ. ನಮ್ಮ ಹಳೇ ಅಪಾರ್ಟ್‌ಮೆಂಟ್‌ನಲ್ಲಿ ಅದನ್ನು ಕೇಳಿದರೆ ಆಫೀಸಿನವರಿಗೇ ಗೊತ್ತಿರಲಿಲ್ಲ!

ಕರೆಂಟ್ ಹೋದ ಮೇಲೆ

ಗ್ಯಾಸ್ ಹೀಟರ್ ಇದೆ, ನಮಗೇನು ಅನ್ನಬೇಡಿ. ಬಿಸಿಗಾಳಿ ಊದುವ ಫ್ಯಾನ್‌ಗೆ ಕರೆಂಟ್ ಬೇಕು.

ಇಡೀ ಮನೆ ಬೆಚ್ಚಗಿಡುವ ಆಸೆ ಬಿಟ್ಟುಬಿಡಿ. ಒಂದು ಚಿಕ್ಕ ಕೋಣೆ ಆರಿಸಿ, ಎಲ್ಲರೂ ಅಲ್ಲೇ ಇರಿ. ಬಾಗಿಲ ಸಂದಿಗೆ ಟವೆಲ್ ತುರುಕಿ, ಕಿಟಕಿಗೆ ರಗ್ಗು ಕಟ್ಟಿ. ಹಗಲು ಬಿಸಿಲು ಬೀಳುವ ಕಿಟಕಿಯ ಪರದೆ ಮಾತ್ರ ಸರಿಸಿ. ಒಂದು ದಪ್ಪ ಜಾಕೆಟ್‌ಗಿಂತ ಒಂದರ ಮೇಲೊಂದು ಮೂರು ತೆಳು ಬಟ್ಟೆ ಮೇಲು. ಊರಿಂದ ತಂದ ಮಂಕಿ ಕ್ಯಾಪ್ ಹಾಕಿಕೊಳ್ಳಲು ಇದಕ್ಕಿಂತ ಒಳ್ಳೆ ಸಮಯ ಬಾರದು. ಮಕ್ಕಳಿಗೆ ಡೈನಿಂಗ್ ಟೇಬಲ್ ಮೇಲೆ ದುಪ್ಪಟಿ ಇಳಿಬಿಟ್ಟು ಕೆಳಗೆ ಹಾಸಿಗೆ ಹಾಸಿದರೆ ಡೇರೆ ಸಿದ್ಧ.

ಈಗ ಮುಖ್ಯವಾದ ಮಾತು. ನಮ್ಮ ಮನೆಯಲ್ಲಿ ಕರೆಂಟ್ ಹೋದ ರಾತ್ರಿ ಮೂಡಿಗೆರೆಯಿಂದ ಅತ್ತೆ ಫೋನ್ ಮಾಡಿ, "ಒಂದು ಅಗ್ಗಿಷ್ಟಿಕೆ ಹಚ್ಕೊಳ್ಳೇ, ಪಾಪು ನಡುಗ್ತಿರುತ್ತೆ" ಎಂದರು. ಗ್ಯಾರೇಜಿನಲ್ಲಿ ಬಾರ್ಬೆಕ್ಯೂ ಒಲೆ, ಇದ್ದಿಲು ಎರಡೂ ಇತ್ತು. ಕೈ ಆ ಕಡೆ ಹೋಗಿದ್ದೂ ನಿಜ. ಆದರೆ ಅತ್ತೆಯದು ಹಂಚಿನ ಮನೆ. ಹಂಚಿನ ಸಂದಿಯಲ್ಲಿ ಗಾಳಿ ಆಡುತ್ತದೆ. ಇಲ್ಲಿನ ಮನೆ ಮುಚ್ಚಳ ಹಾಕಿದ ಡಬ್ಬಿಯ ಹಾಗೆ. ಕೆಂಡದಿಂದ ಬರುವ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಗಾಳಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಮಲಗಿದವರು ಏಳುವುದೇ ಇಲ್ಲ. 2021ರಲ್ಲಿ ಇಲ್ಲಿ ಹಾಗೆ ಸತ್ತವರಿದ್ದಾರೆ.

ಆದ್ದರಿಂದ ಇದ್ದಿಲು, ಕ್ಯಾಂಪಿಂಗ್ ಸ್ಟವ್ ಮನೆಯೊಳಗೆ ಬೇಡವೇ ಬೇಡ. ಗ್ಯಾಸ್ ಒಲೆಯನ್ನು ಬೆಂಕಿಕಡ್ಡಿಯಿಂದ ಹಚ್ಚಿ ಅಡುಗೆ ಮಾಡಿ, ಆರಿಸಿ. ಅದರಿಂದ ಮನೆ ಕಾಯಿಸಲು ಹೋಗಬೇಡಿ. ಜನರೇಟರ್ ಮನೆಯಿಂದ 20 ಅಡಿ ದೂರ ಇರಲಿ. ಕಾರಿನಲ್ಲಿ ಫೋನ್ ಚಾರ್ಜ್ ಮಾಡುವುದಾದರೆ ಅದನ್ನು ಗ್ಯಾರೇಜಿನಿಂದ ಹೊರಗೆ ತನ್ನಿ. ಬಾಗಿಲು ತೆರೆದಿಟ್ಟರೆ ಸಾಕು ಅನ್ನುವ ಲೆಕ್ಕ ನಡೆಯುವುದಿಲ್ಲ. ಈ ವಿಷಗಾಳಿ ಬಂದರೆ ಕೂಗುವ, ಬ್ಯಾಟರಿಯ ಅಲಾರಂ ಒಂದು ತಂದಿಡಿ. ಎಲ್ಲರಿಗೂ ಒಟ್ಟಿಗೆ ತಲೆನೋವು, ವಾಂತಿ ಬಂದ ಹಾಗಾದರೆ ಕೂಡಲೇ ಹೊರಗೆ ಬಂದು ಇಲ್ಲಿನ ತುರ್ತು ನಂಬರ್ 911ಕ್ಕೆ ಫೋನ್ ಮಾಡಿ.

ಊಟ, ಔಷಧಿ

ಬಾಗಿಲು ತೆಗೆಯದಿದ್ದರೆ ಫ್ರಿಡ್ಜ್ ನಾಲ್ಕು ಗಂಟೆ ತಣ್ಣಗಿರುತ್ತದೆ. ತುಂಬಿದ ಫ್ರೀಜರ್ 48 ಗಂಟೆ ತಡೆಯುತ್ತದೆ, ಅರ್ಧ ತುಂಬಿದ್ದರೆ 24. ಹಾಲು ಮೊಸರು ಮೊದಲು ಮುಗಿಸಿ. ಕರೆಂಟ್ ಒಲೆಯ ಮನೆಯವರಿಗೆ ಅವಲಕ್ಕಿಯೇ ದೇವರು. ಬೆಂಕಿ ಬೇಡ, ನೆನೆಸಿ ಗೊಜ್ಜಿನ ಪುಡಿ ಕಲೆಸಿದರೆ ಆಯಿತು. ಹುರಿಹಿಟ್ಟು, ಚಟ್ನಿಪುಡಿ, ಕೋಡುಬಳೆ ಡಬ್ಬಿಯೂ ಇರಲಿ. ಇನ್ಸುಲಿನ್ ತೆಗೆದುಕೊಳ್ಳುವವರಿದ್ದರೆ ಅದು ಗಡ್ಡೆಯಾಗದಂತೆ ನೋಡಿಕೊಳ್ಳಿ. ಒಮ್ಮೆ ಗಡ್ಡೆಯಾಗಿದ್ದು ಕರಗಿದರೂ ಉಪಯೋಗವಿಲ್ಲ.

ಫೋಟೋ ತೆಗೆಯಲು ಮರದ ಕೆಳಗೆ ಹೋಗಬೇಡಿ. ಬಿದ್ದ ತಂತಿಯಿಂದ ಹತ್ತು ಮೀಟರ್‌ಗೂ ಹೆಚ್ಚು ದೂರವಿರಿ.

ನಲ್ಲಿ ನಿಂತರೆ

ನಲ್ಲಿ ತಿರುಗಿಸಿದರೆ ನೀರಿಲ್ಲ, ಪಕ್ಕದ ಮನೆಯಲ್ಲಿ ಬರುತ್ತಿದೆ ಅಂದರೆ ನಿಮ್ಮ ಪೈಪ್ ಗಡ್ಡೆ ಕಟ್ಟಿದೆ. ನಲ್ಲಿ ತೆರೆದಿಟ್ಟು, ಕರೆಂಟ್ ಇದ್ದರೆ ಹೇರ್ ಡ್ರೈಯರ್‌ನಿಂದ ನಲ್ಲಿಯ ಕಡೆಯಿಂದ ಹಿಂದಕ್ಕೆ ಕಾಯಿಸುತ್ತಾ ಹೋಗಿ. ಬೆಂಕಿ ಹಿಡಿಯಬೇಡಿ. ಪೈಪ್ ಒಡೆದದ್ದು ಗೊತ್ತಾಗುವುದು ಐಸ್ ಕರಗಿದಾಗ. ಹಾಗಾಗಿ ಬಿಸಿಲು ಬಂತೆಂದು ಎಲ್ಲರೂ ಹೊರಗೆ ಓಡಬೇಡಿ. ಒಬ್ಬರು ಮನೆಯಲ್ಲಿ ಕಿವಿಗೊಟ್ಟು ಕೂತಿರಿ. ಗೋಡೆಯೊಳಗೆ ಸೊರ್ರ್ ಎಂದರೆ ಮೊದಲು ಮೇನ್ ವಾಲ್ವ್ ಮುಚ್ಚಿ.

ನೀರು ವಾಪಸ್ ಬಂದ ಮೇಲೂ ಕೆಲವು ದಿನ ಕುದಿಸಿ ಕುಡಿಯಿರಿ ಎಂಬ ಸೂಚನೆ ಬರಬಹುದು. ಕೊತಕೊತ ಕುದಿ ಬಂದ ಮೇಲೆ ಒಂದು ನಿಮಿಷ ಬಿಟ್ಟು ಆರಿಸಿದರೆ ಸಾಕು. ಹಿಂದೊಮ್ಮೆ ಇಂಥ ಸೂಚನೆ ಬಂದಾಗ ಪಕ್ಕದ ಮನೆಯ ಅಮೆರಿಕನ್ ಹುಡುಗ ಇದನ್ನು ಹೇಗೆ ಮಾಡುವುದು ಎಂದು ನನ್ನನ್ನು ಕೇಳಲು ಬಂದಿದ್ದ. ಒಂದು ಸ್ಟೀಲ್ ಪಾತ್ರೆಯನ್ನೂ ಕೊಟ್ಟು ಕಳಿಸಿದೆ.