ಬಿಸಿಲು ಏರುವ ಮೊದಲೇ ಕಿಟಕಿ ಮುಚ್ಚಿ

ಸೆಕೆ ಎಂದು ನಡುಮಧ್ಯಾಹ್ನ ಕಿಟಕಿ ತೆರೆಯಬೇಡಿ. ಹೊರಗಿನ ಗಾಳಿ ಒಳಗಿನದ್ದಕ್ಕಿಂತ ಬಿಸಿಯಿದ್ದರೆ ಮನೆಯೊಳಗೆ ಬರುವುದು ಕಾವೇ. ಬೆಳಗ್ಗೆ ಬಿಸಿಲು ಏರುವ ಮೊದಲೇ ಮುಚ್ಚಿ, ಸಂಜೆ ಹೊರಗೆ ತಣ್ಣಗಾದ ಮೇಲೆ ಎದುರುಬದುರಿನ ಕಿಟಕಿಗಳೆರಡನ್ನೂ ತೆರೆಯಿರಿ. ಒಂದನ್ನೇ ತೆರೆದರೆ ಗಾಳಿ ಆಡುವುದಿಲ್ಲ. ಪಡುವಣ ದಿಕ್ಕಿನ ಕಿಟಕಿಗೆ ಒಳಗೆ ಪರದೆ ಹಾಕುವುದಕ್ಕಿಂತ ಹೊರಗಡೆ ಚಾಪೆಯನ್ನೋ ದಪ್ಪ ಬಟ್ಟೆಯನ್ನೋ ಕಟ್ಟುವುದು ಎಷ್ಟೋ ಮೇಲು. ಬಿಸಿಲು ಗಾಜು ದಾಟಿ ಬಂತೆಂದರೆ ಪರದೆಯೇ ಕಾದು ಆ ಬಿಸಿಯನ್ನು ಕೋಣೆಗೆ ಬಿಡುತ್ತದೆ. ಕಾಂಕ್ರೀಟ್ ತಾರಸಿ ಹಗಲು ಹೀರಿದ ಕಾವನ್ನು ರಾತ್ರಿಯೂ ಬಿಡುತ್ತಿರುತ್ತದೆ. ಅದಕ್ಕೆ ಬಿಳಿ ಬಣ್ಣ ಬಳಿಸಿ. ಕೆಳ ಅಂತಸ್ತು ಇದ್ದರೆ ಅಲ್ಲೇ ಮಲಗಿ.

ಫ್ಯಾನು ಕೋಣೆಯನ್ನು ತಂಪು ಮಾಡುವುದಿಲ್ಲ, ಮೈಮೇಲಿನ ಬೆವರನ್ನು ಆರಿಸುತ್ತದೆ, ಅಷ್ಟೇ. ಕೋಣೆಯ ಬಿಸಿ 40 ಡಿಗ್ರಿ ಸೆಲ್ಸಿಯಸ್ ದಾಟಿದರೆ ಅದು ಬಿಸಿಗಾಳಿಯನ್ನೇ ಮೈಗೆ ಬೀಸಿ ಕಾವು ಹೆಚ್ಚಿಸಬಹುದು. ಅಂಥ ಹೊತ್ತಿನಲ್ಲಿ ಫ್ಯಾನನ್ನೇ ನಂಬಿ ಕೂರದೆ ಕೈಕಾಲು, ಕುತ್ತಿಗೆಗೆ ಒದ್ದೆ ಬಟ್ಟೆ ಒತ್ತಿ, ಮನೆಯಲ್ಲಿ ಎಲ್ಲಕ್ಕಿಂತ ತಂಪಾದ ಕೋಣೆಗೆ ಹೋಗಿ. ನೀರು ತುಂಬುವ ಕೂಲರ್ ಇದ್ದವರು ಮಾತ್ರ ಒಂದು ಕಿಟಕಿ ತುಸು ತೆರೆದಿಡಬೇಕು. ಎಲ್ಲ ಮುಚ್ಚಿದರೆ ತೇವ ಒಳಗೇ ತುಂಬಿ ಬೆವರು ಆರುವುದೇ ಇಲ್ಲ, ಇನ್ನಷ್ಟು ಉಸಿರುಕಟ್ಟುತ್ತದೆ.

ಬಾಯಾರಿಕೆಗಾಗಿ ಕಾಯದೆ ಆಗಾಗ ಸ್ವಲ್ಪಸ್ವಲ್ಪ ನೀರು ಕುಡಿಯಿರಿ. ವಯಸ್ಸಾದವರಿಗೆ ಬಾಯಾರಿಕೆ ತಡವಾಗಿ ಗೊತ್ತಾಗುತ್ತದೆ. ಅವರನ್ನು ಕೇಳುತ್ತ ಕೂರಬೇಡಿ, ಲೋಟ ಕೈಗೇ ಕೊಡಿ. ಮೂತ್ರ ಕಡುಹಳದಿಯಾದರೆ ನೀರು ಸಾಲುತ್ತಿಲ್ಲ. ತುಂಬಾ ಬೆವರು ಸುರಿದಿದ್ದರೆ ಕುದಿಸಿ ಆರಿಸಿದ 1 ಲೀಟರ್ ನೀರಿಗೆ ಸಕ್ಕರೆ 6 ಚಮಚ, ಉಪ್ಪು ಅರ್ಧ ಚಮಚ ಹಾಕಿ ಕದಡಿ. ಚಹಾ ಚಮಚ ಬಳಸಿ, ಮೇಲೆ ಗುಡ್ಡೆಯಾಗದಂತೆ ಸಮಮಾಡಿ ಅಳೆಯಿರಿ. ಉಪ್ಪು ಕೈಯಳತೆಯಲ್ಲಿ ಹಾಕಲೇಬೇಡಿ. ಹೆಚ್ಚಾದರೆ, ಅದರಲ್ಲೂ ಮಕ್ಕಳಿಗೆ, ಅಪಾಯ. ಒಂದು ದಿನ ಕಳೆದರೆ ಚೆಲ್ಲಿಬಿಡಿ. ಹೃದಯ, ಮೂತ್ರಪಿಂಡದ ಕಾಯಿಲೆಯವರು, ಮೂತ್ರ ಹೆಚ್ಚಿಸುವ ಮಾತ್ರೆ ನುಂಗುವವರು ನೀರು ಎಷ್ಟು, ಉಪ್ಪು ಎಷ್ಟು ಎಂಬುದನ್ನು ಬೇಸಿಗೆಗೆ ಮೊದಲೇ ವೈದ್ಯರಲ್ಲಿ ಕೇಳಿಟ್ಟುಕೊಳ್ಳಿ.

ನಿಲ್ಲಿಸಿದ ಕಾರಿನಲ್ಲಿ ಮಗುವನ್ನು ಎರಡೇ ನಿಮಿಷಕ್ಕೂ ಬಿಡಬೇಡಿ, ಗಾಜು ತುಸು ಇಳಿಸಿದ್ದರೂ ಸಾಲದು.

ತಲೆಸುತ್ತು, ಸ್ನಾಯು ಸೆಳೆತ, ವಾಕರಿಕೆ ಬಂದರೆ ಕೆಲಸ ಬಿಟ್ಟು ನೆರಳಲ್ಲಿ ಮಲಗಿ, ನೀರು ಕುಡಿಯಿರಿ. ಆದರೆ ಮಾತು ತೊದಲಿದರೆ, ಗೊಂದಲವಾದರೆ, ಪ್ರಜ್ಞೆ ತಪ್ಪಿದರೆ ಅದು ಬಿಸಿಲಾಘಾತ. ಬೆವರುತ್ತಿದ್ದಾರಲ್ಲ ಎಂದು ಸುಮ್ಮನಾಗಬೇಡಿ. ಆಂಬುಲೆನ್ಸ್ ಕರೆಯಿರಿ, ಅದು ಬರುವವರೆಗೆ ಕಾಯದೆ ಬಟ್ಟೆ ಸಡಿಲಿಸಿ, ಮೈತುಂಬ ತಣ್ಣೀರು ಸುರಿದು ಜೋರಾಗಿ ಗಾಳಿ ಬೀಸಿ. ಕಂಕುಳು, ಕುತ್ತಿಗೆ, ತೊಡೆಸಂದಿಗೆ ಬಟ್ಟೆ ಸುತ್ತಿದ ಐಸ್ ಇಡಿ. ಜ್ವರದ ಮಾತ್ರೆ ಈ ಕಾವನ್ನು ಇಳಿಸದು, ಕೊಡಬೇಡಿ. ಎಚ್ಚರವಿಲ್ಲದವರ ಬಾಯಿಗೆ ನೀರನ್ನೂ ಹಾಕಬಾರದು, ಶ್ವಾಸನಾಳಕ್ಕೆ ಇಳಿಯುತ್ತದೆ. ಪಕ್ಕಕ್ಕೆ ಹೊರಳಿಸಿ ಮಲಗಿಸಿ, ತಂಪು ಮಾಡುವುದನ್ನು ಮಾತ್ರ ನಿಲ್ಲಿಸಬೇಡಿ.