ವೀಡ್ ಕಟರ್: ಎಣ್ಣೆ ಎಲ್ಲಿ, ಗ್ರೀಸ್ ಎಲ್ಲಿ, ಎಲ್ಲಿ ಎರಡೂ ಬೇಡ

ಹುಲ್ಲು ಕತ್ತರಿಸುವ ಪೆಟ್ರೋಲ್ ವೀಡ್ ಕಟರ್ ಇಟ್ಟುಕೊಂಡವರು ಎಂಜಿನ್ ಕಡೆ ಕೊಡುವ ಗಮನದಲ್ಲಿ ಅರ್ಧದಷ್ಟನ್ನೂ ಕೊಳವೆಯ ಕೆಳತುದಿಗೆ ಕೊಡುವುದಿಲ್ಲ. ಟೂ ಸ್ಟ್ರೋಕ್ ಎಂಜಿನ್‌ಗೆ ಎಣ್ಣೆ ಪೆಟ್ರೋಲ್ ಜೊತೆಗೇ ಹೋಗುತ್ತದೆ. ಟ್ಯಾಂಕ್ ತುಂಬಿಸಿದಾಗಲೆಲ್ಲ ಅದರ ಪಾಲು ಅದಕ್ಕೆ ಸಿಕ್ಕೇ ಸಿಗುತ್ತದೆ. ಕೆಳತುದಿಯಲ್ಲಿರುವ ಹಲ್ಲುಚಕ್ರಗಳ ಪೆಟ್ಟಿಗೆ, ಅಂದರೆ ಗೇರ್ ಹೆಡ್‌ಗೆ ಹಾಗಲ್ಲ, ಯಾರಾದರೂ ನೆನಪಿಟ್ಟು ಗ್ರೀಸ್ ಕೊಟ್ಟರೆ ಉಂಟು, ಇಲ್ಲದಿದ್ದರೆ ಇಲ್ಲ. ಅದು ಕೂತಿರುವುದೋ ಮಣ್ಣು, ಒದ್ದೆ ಹುಲ್ಲು, ಕಲ್ಲುಚೂರು ಎಲ್ಲವೂ ಬಂದು ಬಡಿಯುವ ಜಾಗದಲ್ಲಿ. ಅದಕ್ಕೇ ನನ್ನ ಸರ್ವೀಸ್ ಯಾವಾಗಲೂ ಕೆಳಗಿನಿಂದ ಶುರುವಾಗುತ್ತದೆ.

ಎಂಜಿನ್ ಪೂರ್ತಿ ತಣ್ಣಗಾಗಲು ಬಿಟ್ಟು, ಸ್ಪಾರ್ಕ್ ಪ್ಲಗ್‌ನ ಕ್ಯಾಪ್ ಕಿತ್ತಿಟ್ಟ ಮೇಲೇ ಮುಂದಿನ ಕೆಲಸ. ಗೇರ್ ಹೆಡ್ ಪಕ್ಕದಲ್ಲಿ ಒಂದು ಸ್ಕ್ರೂ ಇರುತ್ತದೆ, ಗ್ರೀಸ್ ಹಾಕುವುದು ಅದರ ತೂತಿನಲ್ಲಿ. ಬಿಚ್ಚುವ ಮೊದಲೇ ಅದರ ಸುತ್ತ ಬ್ರಷ್ ಆಡಿಸಿ ಒರೆಸುತ್ತೇನೆ. ಇಲ್ಲದಿದ್ದರೆ ಸ್ಕ್ರೂ ಹೊರಗೆ ಬಂದ ಗಳಿಗೆಯಲ್ಲೇ ಮರಳು ಒಳಗೆ ಬೀಳುತ್ತದೆ. ಆಮೇಲೆ ಹುಲ್ಲು ಕೊಯ್ಯುವ ನೈಲಾನ್ ದಾರ ಸುತ್ತಿರುವ ದಾರದ ಹೆಡ್ಡನ್ನೂ ಅದರ ಹಿಂದಿನ ವಾಷರನ್ನೂ ಬಿಚ್ಚುತ್ತೇನೆ. ಇದಕ್ಕೆ ಎರಡು ಕಾರಣ. ಒಂದು, ಉದ್ದ ಹುಲ್ಲಿನ ನಾರು ಶಾಫ್ಟಿಗೆ ಸುತ್ತಿಕೊಂಡು ಒಳಗೇ ಬಿಗಿದುಕೊಂಡಿರುತ್ತದೆ. ಹಾಗೇ ಬಿಟ್ಟರೆ ಗ್ರೀಸನ್ನು ಒಳಗೇ ತಡೆಯುವ ರಬ್ಬರ್ ಉಂಗುರ, ಅಂದರೆ ಆಯಿಲ್ ಸೀಲ್ ಸವೆದು, ಗ್ರೀಸ್ ಹೊರಗೆ ಬಂದು, ನೀರು ಒಳಗೆ ಹೋಗುತ್ತದೆ. ಚಾಕುವಿನಲ್ಲಿ ಕೊಯ್ದು ತೆಗೆಯಬಹುದು, ಸೀಲ್‌ನ ರಬ್ಬರಿಗೆ ಮೊನೆ ತಾಗಬಾರದು ಅಷ್ಟೆ. ಎರಡು, ದಾರದ ಹೆಡ್ ಬಿಗಿದಿರುವಾಗಲೇ ಗ್ರೀಸ್ ಒತ್ತಿದರೆ ಒಳಗಿನ ಒತ್ತಡಕ್ಕೆ ಸೀಲ್ ಕಿತ್ತುಬರಬಹುದು.

ಸ್ಕ್ರೂ ತೆಗೆದು ತೂತಿನೊಳಗೆ ಟಾರ್ಚ್ ಬಿಡಿ. ಹಲ್ಲುಗಳ ಮೇಲೆ ಗ್ರೀಸ್ ಕಾಣುತ್ತಿದ್ದರೆ ಹಾಕುವ ಅಗತ್ಯವೇ ಇಲ್ಲ. ಕಾಣದಿದ್ದರೆ ಹಾಕಿ. 25 ಗಂಟೆ ಕೆಲಸಕ್ಕೊಮ್ಮೆ ಹೀಗೆ ನೋಡಿದರೆ ಸಾಕು. ಹಳೇ ಗ್ರೀಸನ್ನು ಬೆರಳಿಗೆ ತೆಗೆದು ಬೆಳಕಿಗೆ ಹಿಡಿದು ನೋಡುವುದು ನನ್ನ ಅಭ್ಯಾಸ. ಕಪ್ಪಾಗಿದ್ದರೆ ಚಿಂತೆಯಿಲ್ಲ. ಹಾಲು ಕಲಸಿದ ಹಾಗೆ ಬಿಳಿಚಿಕೊಂಡಿದ್ದರೆ ನೀರು ಸೇರಿದೆ ಎಂದೇ ಅರ್ಥ. ಬೆಳ್ಳಿಪುಡಿ ಮಿಂಚಿದರೆ ಗೇರಿನ ಹಲ್ಲೋ ಬೇರಿಂಗೋ ಸವೆಯುತ್ತಿದೆ. ಆಗ ಶಾಫ್ಟ್ ಹಿಡಿದು ಮೇಲೆ ಕೆಳಗೆ ಅಲ್ಲಾಡಿಸಿ ನೋಡಬೇಕು. ಪ್ಲೇ, ಅಂದರೆ ಸಡಿಲ ಇದ್ದರೆ ಬೇರಿಂಗ್ ಬದಲಿಸಬೇಕೇ ಹೊರತು ಹೊಸ ಗ್ರೀಸ್ ತುಂಬಿ ಪ್ರಯೋಜನವಿಲ್ಲ.

ಗ್ರೀಸ್ ಲಿಥಿಯಂ ಜಾತಿಯದ್ದು, ಇಪಿ (ಎಕ್ಸ್‌ಟ್ರೀಮ್ ಪ್ರೆಶರ್, ಅತಿ ಒತ್ತಡ ತಾಳುವಂಥದ್ದು) ಎಂದು ಬರೆದಿರುವುದು ಆಗಬೇಕು. ಹಲ್ಲುಗಳ ನಡುವೆ ಬೀಳುವ ಒತ್ತಡವನ್ನು ತಡೆಯುವುದು ಅದೇ. 5ರಿಂದ 10 ಗ್ರಾಂ ಬಹುತೇಕ ಯಂತ್ರಗಳಿಗೆ ಸಾಕು. ಸ್ವಲ್ಪ ಒತ್ತಿ, ಶಾಫ್ಟನ್ನು ಕೈಯಲ್ಲಿ ತಿರುಗಿಸಿ, ಮತ್ತೆ ಸ್ವಲ್ಪ ಒತ್ತುತ್ತೇನೆ. ಮುಕ್ಕಾಲು ತುಂಬಿದ ಮೇಲೆ ಕೈ ಹಿಂದೆ. ಗಂಟಲಮಟ್ಟ ತುಂಬಿದರೆ ಗೇರ್ ಗ್ರೀಸನ್ನೇ ಕಡೆಯುತ್ತಾ ಬಿಸಿಯೇರುತ್ತದೆ, ಬಿಸಿಗೆ ಹಿಗ್ಗಿದ ಗ್ರೀಸ್ ಸೀಲನ್ನು ದೂಡಿಕೊಂಡು ಹೊರಬರುತ್ತದೆ. ಸ್ಕ್ರೂ ತಿರುಗಿ ಹಾಕುವಾಗಲೂ ತೋಳ್ಬಲ ಬೇಡ, ಗೇರ್ ಹೆಡ್‌ನ ಮೈ ಅಲ್ಯೂಮಿನಿಯಂ, ಥ್ರೆಡ್ ಸುಲಭವಾಗಿ ಹೋಗುತ್ತದೆ. ಸ್ಕ್ರೂವೇ ಇಲ್ಲದ ಸೀಲ್ಡ್ ಹೆಡ್ ಇದ್ದರೆ ನಿಮಗೆ ಈ ಕೆಲಸವೇ ಇಲ್ಲ.

ಬಾಗಿದ ಕೊಳವೆಯ ಸಣ್ಣ ಯಂತ್ರಗಳಲ್ಲಿ ಗೇರ್ ಇರುವುದಿಲ್ಲ, ಒಳಗೆ ಬಳುಕುವ ಕೇಬಲ್ ತಿರುಗುತ್ತಿರುತ್ತದೆ. ಹೊರಗೆಳೆಯಲು ಬರುವಂಥದ್ದಾದರೆ ಅದನ್ನು ತೆಗೆದು, ಒರೆಸಿ, ತೆಳ್ಳಗೆ ಗ್ರೀಸ್ ಸವರಿ, ಅದರ ಚೌಕದ ತುದಿ ಮೇಲ್ಗಡೆಯ ಕುಳಿಯಲ್ಲಿ ಕೂರುವವರೆಗೆ ತಿರುಗಿಸುತ್ತಾ ಒಳಗೆ ತಳ್ಳಬೇಕು. ಮೇಲ್ತುದಿಗೆ ಕಡಿಮೆಯೇ ಇರಲಿ, ಆಚೆ ಇರುವುದು ಕ್ಲಚ್.

ಈ ಕ್ಲಚ್‌ಗೆ ಮಾತ್ರ ಎಣ್ಣೆ, ಗ್ರೀಸ್, ಸ್ಪ್ರೇ ಯಾವುದೂ ಬೇಡ. ಎಂಜಿನ್ ವೇಗವೇರಿದಾಗ ಅದರ ಶೂಗಳು ಅಗಲಿಸಿ ಡ್ರಮ್ಮಿಗೆ ಒತ್ತಿಕೊಂಡು, ಬರೀ ಘರ್ಷಣೆಯ ಬಲದಿಂದ ಶಾಫ್ಟನ್ನು ತಿರುಗಿಸುತ್ತವೆ. ಅಲ್ಲಿ ಜಿಡ್ಡು ಸೇರಿದರೆ ಎಂಜಿನ್ ಕೂಗುತ್ತದೆ, ಹೆಡ್ ತಿರುಗುವುದಿಲ್ಲ. ದಾರದ ಹೆಡ್ ಒಳಗೂ ಅಷ್ಟೇ, ಜಿಡ್ಡಿಗೆ ಮಣ್ಣು ಮೆತ್ತಿಕೊಂಡು ದಾರ ಸುತ್ತಿದ ಸ್ಪೂಲ್ ಕಚ್ಚಿಕೊಳ್ಳುತ್ತದೆ. ಎಲ್ಲದಕ್ಕೂ ಸ್ಪ್ರೇ ಡಬ್ಬಿ ಹಿಡಿದು ಬರುವವರನ್ನು ಈ ಎರಡು ಜಾಗದಿಂದ ದೂರ ಇಡಬೇಕು.

ಪೆಟ್ರೋಲ್‌ಗೆ ಎಣ್ಣೆ ಬೆರೆಸುವ ವಿಷಯದಲ್ಲಿ ಕೈಪಿಡಿಯ ಮಾತೇ ಕೊನೆ. 50:1 (50 ಪಾಲು ಪೆಟ್ರೋಲ್‌ಗೆ 1 ಪಾಲು ಎಣ್ಣೆ) ಎಂದಿದ್ದರೆ ಲೀಟರಿಗೆ 20 ಮಿಲಿ, 40:1 ಆದರೆ 25, 25:1 ಆದರೆ 40. ಅಳತೆಪಾತ್ರೆ ಇಟ್ಟುಕೊಳ್ಳಿ, ಮುಚ್ಚಳದ ಅಂದಾಜು ಬೇಡ. ಗಾಳಿಯಿಂದ ತಣಿಯುವ ಎಂಜಿನ್‌ಗಾಗಿಯೇ ಮಾಡಿದ, ಜಾಸೊ ಎಂಬ ಜಪಾನಿನ ಮಾನದಂಡದ ಎಫ್‌ಡಿ ದರ್ಜೆಯ ಟೂ ಸ್ಟ್ರೋಕ್ ಎಣ್ಣೆ ಒಳ್ಳೆಯದು. ಬೈಕಿನ ಫೋರ್ ಸ್ಟ್ರೋಕ್ ಎಣ್ಣೆ ಪೆಟ್ರೋಲ್ ಜೊತೆ ಉರಿಯಲು ಮಾಡಿದ್ದಲ್ಲ, ಒಳಗೆ ಕಿಟ್ಟ ಕಟ್ಟುತ್ತದೆ. "ಸ್ವಲ್ಪ ಜಾಸ್ತಿ ಇದ್ದರೆ ಎಂಜಿನ್‌ಗೆ ಒಳ್ಳೇದು" ಅನ್ನುವವರು ಎಲ್ಲ ಕಡೆ ಇದ್ದಾರೆ. ಜಾಸ್ತಿಯಾದ ಎಣ್ಣೆ ಹೋಗಿ ಸೇರುವುದು ಪ್ಲಗ್ಗಿಗೆ ಮತ್ತು ಸೈಲೆನ್ಸರ್ ಬಾಯಿಯ ಜಾಲರಿಗೆ. ಎಂಜಿನ್ ಸ್ಟಾರ್ಟ್ ಆಗುತ್ತದೆ, ಐಡಲ್‌ನಲ್ಲಿ ಚೆನ್ನಾಗಿದೆ, ಆಕ್ಸಿಲರೇಟರ್ ಒತ್ತಿದರೆ ಮಾತ್ರ ಏದುಸಿರು ಬಿಡುತ್ತದೆ ಎಂದಾದರೆ ಕಾರ್ಬ್ಯುರೇಟರ್ ಬಿಚ್ಚುವ ಮೊದಲು ಆ ಜಾಲರಿ ತೆಗೆದು ತಂತಿ ಬ್ರಷ್‌ನಲ್ಲಿ ಉಜ್ಜಿ ನೋಡಿ. ಫೋರ್ ಸ್ಟ್ರೋಕ್ ಯಂತ್ರ ಇರುವವರಿಗೆ ಈ ಬೆರಕೆಯ ತಲೆನೋವಿಲ್ಲ. ಆದರೆ ಅದರ ಹೊಟ್ಟೆಯಲ್ಲಿ ಹಿಡಿಯುವುದೇ 100 ಮಿಲಿ ಆಸುಪಾಸಿನ ಎಣ್ಣೆ, ಹಾಗಾಗಿ ಪ್ರತಿ ಸಲ ಸ್ಟಾರ್ಟ್ ಮಾಡುವ ಮೊದಲು ಮಟ್ಟ ನೋಡಲೇಬೇಕು.

ಸ್ಪಂಜಿನ ಏರ್ ಫಿಲ್ಟರನ್ನು ಸೋಪುನೀರಿನಲ್ಲಿ ತೊಳೆದು, ಪೂರ್ತಿ ಒಣಗಿಸಿ, ನಾಲ್ಕು ಹನಿ ಎಣ್ಣೆ ಹಾಕಿ ಹಿಂಡುತ್ತೇನೆ. ಕಾಗದದ ಫಿಲ್ಟರಿಗೆ ಎಣ್ಣೆ ಕೂಡದು, ತಟ್ಟಿ ಧೂಳು ಉದುರಿಸಿದರೆ ಸಾಕು. ಪ್ಲಗ್ ಗ್ಯಾಪ್ ಸಾಮಾನ್ಯವಾಗಿ 0.6ರಿಂದ 0.7 ಮಿಲಿಮೀಟರ್. ಸಿಲಿಂಡರಿನ ರೆಕ್ಕೆಗಳ ನಡುವೆ ಸಿಕ್ಕಿಕೊಂಡ ಹುಲ್ಲುಪುಡಿಯನ್ನು ಮರದ ಕಡ್ಡಿಯಲ್ಲಿ ಕೆರೆದು ತೆಗೆಯುತ್ತೇನೆ.

ಕೆಲವು ತಿಂಗಳು ಮೂಲೆಗಿಡುವುದಾದರೆ ಟ್ಯಾಂಕ್ ಬರಿದು ಮಾಡಿ, ಕಾರ್ಬ್ಯುರೇಟರಿನಲ್ಲಿ ಉಳಿದದ್ದು ಮುಗಿದು ತಾನಾಗಿ ನಿಲ್ಲುವವರೆಗೆ ಓಡಿಸುತ್ತೇನೆ. ಎಥನಾಲ್ ಸೇರಿದ ಪೆಟ್ರೋಲ್ ತೇವ ಹೀರಿಕೊಳ್ಳುತ್ತದೆ, ಅದು ಹಾಗೇ ನಿಂತರೆ ಕಾರ್ಬ್ಯುರೇಟರ್ ಒಳಗಿನ ತೆಳು ಪೊರೆ, ಅಂದರೆ ಡಯಾಫ್ರಾಮ್ ಬಿರುಸಾಗುತ್ತದೆ. ಎಂಜಿನ್ ತಣಿದ ಮೇಲೆ ಪ್ಲಗ್ ಬಿಚ್ಚಿ, ಒಂದು ಚಮಚ ಟೂ ಸ್ಟ್ರೋಕ್ ಎಣ್ಣೆ ಬಿಟ್ಟು, ಹಗ್ಗವನ್ನು ನಾಲ್ಕೈದು ಸಲ ಮೆಲ್ಲಗೆ ಎಳೆದು ಪ್ಲಗ್ ಹಾಕುತ್ತೇನೆ. ಒಣಗಿ ಪಟಪಟ ಮುರಿಯುವ ನೈಲಾನ್ ದಾರವನ್ನು ಮತ್ತೆ ಕೆಲಸಕ್ಕೆ ಇಳಿಯುವ ಹಿಂದಿನ ರಾತ್ರಿ ಬಕೆಟ್ ನೀರಿನಲ್ಲಿ ಮುಳುಗಿಸಿಟ್ಟರೆ ಬಾಗುವ ಗುಣ ಮರಳುತ್ತದೆ, ಹೊಸ ಸುರುಳಿ ತರಬೇಕಾಗಿಲ್ಲ.