ಖುಲಾಸೆ ಕೇಸುಗಳ ಮೇಲ್ಮನವಿ ಫೈಲ್ ತಡವಾಗುವುದನ್ನು ನಿಲ್ಲಿಸಿದ್ದು ಹೀಗೆ

ನಾನು ಸಿಬ್ಬಂದಿ ನೋಡಿಕೊಳ್ಳುವ ಸರ್ಕಾರಿ ಅಭಿಯೋಜಕರ ಕಚೇರಿಯಲ್ಲಿ, ಖುಲಾಸೆಯಾದ ಕೇಸುಗಳಲ್ಲಿ ಮೇಲ್ಮನವಿ ಹಾಕಬೇಕೇ ಬೇಡವೇ ಎಂಬ ಅಭಿಪ್ರಾಯ ಸದಾ ಕೊನೇ ವಾರದಲ್ಲೇ ಹೊರಡುತ್ತಿತ್ತು. ಮೇಲ್ಮನವಿ ಹಾಕಲು ಸರ್ಕಾರಕ್ಕೆ ಇರುವ ಕಾಲಮಿತಿ ತೀರ್ಪಿನ ದಿನದಿಂದ 90 ದಿನ.

ಮೆಮೊ ಕೊಟ್ಟೆ. ವಾಟ್ಸಾಪ್ ಗ್ರೂಪ್ ಮಾಡಿದೆ. ಇನ್ನೊಬ್ಬ ಎಸ್‌ಡಿಎಗೂ (ದ್ವಿತೀಯ ದರ್ಜೆ ಸಹಾಯಕ) ಕೆಲಸ ಹಂಚಿದೆ. ತಡ ಹಾಗೇ ಉಳಿಯಿತು.

ಸರಿಹೋಗಿದ್ದು ಎರಡು ಬದಲಾವಣೆಯಿಂದ. ಮೊದಲನೆಯದು, ತೀರ್ಪು ಬಂದ ದಿನವೇ ಅದರ ದೃಢೀಕೃತ ನಕಲಿಗೆ ಅರ್ಜಿ ಹಾಕಬೇಕು. ಸಂಜೆ ಕಚೇರಿ ಬಿಡುವ ಮೊದಲು ಅರ್ಜಿ ನಂಬರ್ ರಿಜಿಸ್ಟರಿನಲ್ಲಿ ಇರಲೇಬೇಕು. ಕಾಲಮಿತಿ ಕಾಯ್ದೆಯ 12ನೇ ಕಲಂ ಪ್ರಕಾರ ನಕಲು ಸಿಗಲು ಹಿಡಿದ ಸಮಯವನ್ನು 90 ದಿನದ ಲೆಕ್ಕದಿಂದ ಬಿಡುತ್ತಾರೆ, ನಿಜ. ಆದರೆ ಅರ್ಜಿ ಹಾಕದೆ ಸುಮ್ನೆ ಹೋದ ದಿನಗಳನ್ನು ಬಿಡುವುದಿಲ್ಲ. ಸಿಬ್ಬಂದಿಗೆ ಇದನ್ನೇ ಜಾಸ್ತಿ ಒತ್ತಿ ಹೇಳಬೇಕು.

ಎರಡನೆಯದು ರಿಜಿಸ್ಟರ್. ಮೊದಲು ಕೇಸ್ ನಂಬರಿನ ಕ್ರಮದಲ್ಲಿತ್ತು. ಈಗ ತಿಂಗಳಿಗೊಂದು ಪುಟ. 90ನೇ ದಿನ ಯಾವ ತಿಂಗಳಲ್ಲಿ ಬೀಳುತ್ತದೋ ಆ ಪುಟದಲ್ಲಿ ಕೇಸ್ ಬರೆಯುತ್ತೇವೆ. ಕಾಲಂಗಳ ಕ್ರಮ: 90ನೇ ದಿನ, ತೀರ್ಪಿನ ದಿನ, ನಕಲು ಅರ್ಜಿ ಹಾಕಿದ ದಿನ, ನಕಲು ಸಿದ್ಧವಾದ ದಿನ, ಅಭಿಪ್ರಾಯ ಕಳಿಸಿದ ದಿನ. ಮೊದಲನೆಯದು ಕೆಂಪು ಶಾಯಿಯಲ್ಲಿ, ನಕಲಿನ ದಿನಗಳ ರಿಯಾಯಿತಿ ಸೇರಿಸದೆ. ಪ್ರತಿ ಸೋಮವಾರ ಬೆಳಿಗ್ಗೆ ಖಾಲಿ ಇರುವ ಕಾಲಂಗಳನ್ನಷ್ಟೇ ನೋಡುತ್ತೇನೆ.